ಎರಡು ಮೂಗಿನ ಸಾಕ್ಷಿ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ಮೊಬೈಲು ನೋಡಿಕೊಳ್ಳುತ್ತಾರೆ. ನಾನು ದಿಂಬಿನ ಪಕ್ಕದಲ್ಲಿಟ್ಟ ತಗಡಿನ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತೇನೆ. ಒಳಗೆ ಹಳದಿ ಮುಲಾಮು. ಮೊದಲು ಕರ್ಪೂರ ಬರುತ್ತದೆ, ಅದರ ಬೆನ್ನಿಗೆ ನೀಲಗಿರಿ ಎಣ್ಣೆ, ತೀರ ಕೊನೆಗೆ ಅಜವಾನ. ಮೂರೂ ಬಂದವೆಂದರೆ ಮೂಗು ನೆಟ್ಟಗಿದೆ. ಎದ್ದು ಚಹಾಕ್ಕೆ ಇಡುತ್ತೇನೆ.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಮೊದಮೊದಲು ಅವರು ನನಗೆ ನೆಗಡಿಯೆಂದು ತಿಳಿದಿದ್ದರು. ಈಗ ಚೇಷ್ಟೆ ಮಾಡುತ್ತಾರೆ: "ಮಂದಿ ದೇವರ ಮುಖ ನೋಡಿ ಏಳ್ತಾರ, ನೀ ಡಬ್ಬಿ ಮುಖ ನೋಡಿ ಏಳ್ತಿ. ಇವತ್ತ ಏನ್ ಅಂತದ ನಿನ್ನ ದೇವರು?"

"ಎಲ್ಲಾ ಬರೋಬ್ಬರಿ ಅದ ಅಂತದ," ಎನ್ನುತ್ತೇನೆ. ಅವರು ನಗುತ್ತಾರೆ. ಡಬ್ಬಿಯನ್ನು ತೆಗೆದಿಡು ಎಂದು ಮಾತ್ರ ಒಮ್ಮೆಯೂ ಹೇಳಿಲ್ಲ. ಯಾಕೆ ಮೂಸುತ್ತೇನೆಂದು ಅವರಿಗೆ ಗೊತ್ತು.

ಈ ಡಬ್ಬಿ ನಮ್ಮ ಕಂಪನಿಯದು. ಕಂಪನಿಗೆ ಈಗ ಉದ್ದನೆಯ ಇಂಗ್ಲಿಷ್ ಹೆಸರಿದೆ, ಗೇಟಿನ ಮೇಲೆ ಸ್ಟೀಲಿನ ಅಕ್ಷರಗಳಿವೆ. ಆದರೆ ಬೀದರಿನಲ್ಲಿ ಆಟೋದವನಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. "ಮುಲಾಮಿನ ಫ್ಯಾಕ್ಟ್ರಿ" ಎಂದರೆ ಸೀದಾ ತಂದು ಇಳಿಸುತ್ತಾನೆ. ಮುಲಾಮು ನಾವು ಈಗ ಹೆಸರಿಗಷ್ಟೇ ಮಾಡುತ್ತೇವೆ. ಉಳಿದದ್ದೆಲ್ಲ ದೊಡ್ಡ ಕಂಪನಿಗಳ ಮಾತ್ರೆಗೆ ಬೇಕಾಗುವ ಪುಡಿ. ಡ್ರಮ್ಮುಗಳಲ್ಲಿ ತುಂಬಿ ಹೈದರಾಬಾದಿಗೆ ಹೋಗುತ್ತದೆ, ಅಲ್ಲಿಂದ ಎಲ್ಲೆಲ್ಲಿಗೋ. ನಾನು ನಮ್ಮ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬಂದದ್ದು, ಹೋದದ್ದು ಎಲ್ಲವನ್ನೂ ಪರೀಕ್ಷೆ ಮಾಡುವುದು ನನ್ನ ಉದ್ಯೋಗ.

ಹೋದ ತಿಂಗಳು ನಮ್ಮ ಸಣ್ಣ ಸಾವಕಾರರು ನನ್ನನ್ನು ಕರೆಸಿದರು. ಸಣ್ಣ ಎಂದರೆ ವಯಸ್ಸಿನಲ್ಲಿ ಸಣ್ಣವರಲ್ಲ, ಅವರಿಗೂ ಮೊಮ್ಮಕ್ಕಳಾಗಿದ್ದಾರೆ. ಅವರ ತಂದೆ ದೊಡ್ಡ ಸಾವಕಾರರಾಗಿದ್ದರು, ತೀರಿಹೋದರು. ಆದರೂ ಇವರು ದೊಡ್ಡವರಾಗಲಿಲ್ಲ, ಸಣ್ಣವರಾಗಿಯೇ ಉಳಿದರು.

"ಸುಜಾತಾ, ಕಂಪನಿದು ಒಂದು ಸ್ಮರಣ ಸಂಚಿಕೆ ತರ್ಬೇಕಂತ ಮಾಡೇವಿ. ಅಪ್ಪಾರ ಕಾಲದಿಂದ ಇಲ್ಲಿತನ ಹ್ಯಾಂಗ ಬೆಳೀತು, ಅದನ್ನ ನೀವೇ ಬರೀರಿ. ನಿಮಗ ಎಲ್ಲಾ ಗೊತ್ತದ."

"ನನಗ ಎಲ್ಲಿ ಗೊತ್ತದರಿ? ನಾ ಹುಟ್ಟೋಕಿಂತ ಮೊದಲಿಂದು."

"ನಿಮ್ಮ ಅಪ್ಪನ ಭುಜದ ಮ್ಯಾಲೇ ಕಂಪನಿ ಬೆಳದದಲ್ರಿ," ಎಂದರು.

ಇದು ಅವರು ಎಲ್ಲರ ಮುಂದೆ ಹೇಳುವ ಹಳೆಯ ನಗೆಮಾತು. ಆದರೆ ಪೂರ್ತಿ ಸುಳ್ಳಲ್ಲ.

ನನ್ನ ಅಪ್ಪ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲರಾಗಿದ್ದರು. ತೊಗರಿ, ಕಡಲೆ, ಉದ್ದಿನ ಚೀಲಗಳನ್ನು ಲಾರಿಯಿಂದ ಅಡತಿ ಅಂಗಡಿಗೆ, ಅಂಗಡಿಯಿಂದ ಲಾರಿಗೆ ಹೊರುವುದು. ಗಂಜಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಸಂಜೆ ಅಪ್ಪ ಬಂದು ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಹಿಂದೆ ನಿಂತು ಅವರ ಭುಜಕ್ಕೆ ಮುಲಾಮು ತಿಕ್ಕಬೇಕು. ಅಪ್ಪನ ಬಲಭುಜದ ಮೇಲೆ ಚೀಲ ಕೂತು ಕೂತು ಒಂದು ಗಡ್ಡೆಯಾಗಿತ್ತು. ಅದರ ಸುತ್ತ ತಿಕ್ಕುವಾಗ ತೊಗರಿಯ ಹೊಟ್ಟಿನ ಧೂಳು, ಗೋಣಿಚೀಲದ ನಾರು, ಬೆವರು, ಅದರ ಮೇಲೆ ಕರ್ಪೂರ ಎಲ್ಲ ಸೇರಿ ಬರುತ್ತಿದ್ದ ವಾಸನೆಯನ್ನು ಈಗಲೂ ಬಿಡಿಸಿ ಬಿಡಿಸಿ ಹೇಳಬಲ್ಲೆ. ಅಂದು ಅಪ್ಪ ಯಾವ ಚೀಲ ಹೊತ್ತರೆಂದು ಅವರ ಅಂಗಿ ಮೂಸಿ ಹೇಳುತ್ತಿದ್ದೆ. ಒಣಮೆಣಸಿನಕಾಯಿಯ ದಿನ ಹೇಳುವುದಕ್ಕೆ ಜಾಣತನವೇನೂ ಬೇಕಿರಲಿಲ್ಲ, ಇಬ್ಬರೂ ಸೀನುತ್ತಿದ್ದೆವು.

ಆ ಮುಲಾಮು ತಯಾರಾಗುತ್ತಿದ್ದದ್ದು ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ತಗಡಿನ ಶೆಡ್ಡಿನಲ್ಲಿ. ದೊಡ್ಡ ಸಾವಕಾರರು, ವೈಜನಾಥಪ್ಪನವರು, ಭಾಲ್ಕಿಯ ಕಡೆಯವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಯಾವಾಗಲೂ ಒಂದು ಮರದ ಸೌಟು. ಭಾಲ್ಕಿಯಲ್ಲಿ ಅವರ ಅಜ್ಜಿ ಓಣಿಯ ಮಕ್ಕಳಿಗೆ ಹೊಟ್ಟೆನೋವಿಗೆ ಅಜವಾನದ ನೀರು ಕಾಸಿ ಕೊಡುತ್ತಿದ್ದರಂತೆ. ಮೊಮ್ಮಗ ಅದನ್ನೇ ಬಾಟಲಿಗೆ ತುಂಬಿ ರೈಲಿನಲ್ಲಿ ಬೀದರಿಗೆ ತಂದು ಮಾರತೊಡಗಿದರು. ಗಂಜಿನಲ್ಲಿ ಹೊಟ್ಟೆನೋವಿನವರಿಗಿಂತ ಭುಜನೋವಿನವರು ಹೆಚ್ಚೆಂದು ಕಂಡದ್ದೇ ಅಜವಾನದ ನೀರು ಬಿಟ್ಟು ಮುಲಾಮಿಗೆ ಕೈ ಹಚ್ಚಿದರು.

ಡಬ್ಬಿಯ ಮುಚ್ಚಳದ ಮೇಲೆ ಗುಮ್ಮಟದ ಚಿತ್ರವಿದೆ. ಅದು ಬೀದರಿನ ಪಕ್ಕದ ಅಷ್ಟೂರಿನ ಸುಲ್ತಾನರ ಗೋರಿಯ ಗುಮ್ಮಟ. ಪೇಂಟರು ಅಷ್ಟೂರಿಗೇ ಹೋಗಿ, ಹೊಲದ ಬದುವಿನ ಮೇಲೆ ಕೂತು ಬರೆದದ್ದು. ಆದರೆ ಬೀದರ ಬಿಟ್ಟು ಆಚೆ ಹೋದಲ್ಲೆಲ್ಲ ಜನ ಅದನ್ನು ತಾಜಮಹಲ್ ಎಂದೇ ತಿಳಿದರು. "ತಾಜ್ ಛಾಪ್ ಮುಲಾಮು ಕೊಡ್ರಿ" ಎಂದು ಕೇಳುತ್ತಿದ್ದರಂತೆ. ಸಾವಕಾರರು ತಿದ್ದಲು ಹೋಗಲಿಲ್ಲ. "ಗೋರಿ ಅಂದ್ರ ಯಾರ್ ತಗೋತಾರೋ? ತಾಜ ಅನ್ಲಿ ಬಿಡು," ಎಂದರಂತೆ. ತಾಜಮಹಲೂ ಗೋರಿಯೇ ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಆಗಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ನಾನು ನಿಂತು ನೋಡುತ್ತಿದ್ದ ಒಂದು ಚಮತ್ಕಾರವಿತ್ತು. ಸಾವಕಾರರು ಕರ್ಪೂರದ ಹರಳು, ಪುದೀನಾದ ಹರಳು, ಅಜವಾನದ ಹರಳು ಮೂರನ್ನೂ ಒಂದು ಗಾಜಿನ ಬಟ್ಟಲಿಗೆ ಹಾಕುತ್ತಿದ್ದರು. ಬೆಂಕಿಯಿಲ್ಲ, ನೀರಿಲ್ಲ. ಸ್ವಲ್ಪ ಅಲುಗಾಡಿಸಿದರೆ ಸಾಕು, ಮೂರೂ ಒಣ ವಸ್ತುಗಳು ಕರಗಿ ನೀರಾಗಿ ಬಿಡುತ್ತಿದ್ದವು. ಯಾಕೆ ಹೀಗೆಂದು ಕೇಳಿದ್ದಕ್ಕೆ ಅವರು, "ಒಬ್ಬರ ವಾಸನಿ ಒಬ್ಬರಿಗಿ ಹತ್ತಿ ಕರಗ್ತಾರವ್ವ," ಎಂದಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡದ್ದು ಇದಕ್ಕೆ ಸರಿಯಾದ ಕಾರಣ ತಿಳಿಯಲೆಂದೇ. ಕಾರಣ ತಿಳಿಯಿತು. ಸಾವಕಾರರ ಉತ್ತರವೇ ಚೆನ್ನಾಗಿತ್ತು.

ಈಗ ಮಾಣಿಕ ಕಾಕಾನ ವಿಷಯಕ್ಕೆ ಬರಬೇಕು.

ಮಾಣಿಕ ಕಾಕಾ ಔರಾದಿನವರು. ಆ ಶೆಡ್ಡಿನ ಮೊದಲ ಕೆಲಸಗಾರ. ಕಬ್ಬಿಣದ ಕಡಾಯಿಯಲ್ಲಿ ಮೇಣ ಕರಗಿಸಿ ತಿರುವುವುದು ಅವರ ಕೆಲಸ. ಗಡಿಯ ಊರಿನವರಾದ್ದರಿಂದ ಅವರ ಕನ್ನಡದಲ್ಲಿ ಅರ್ಧ ಮರಾಠಿ. ಸಿಟ್ಟು ಬಂದಾಗ ಪೂರ್ತಿ ಮರಾಠಿ. ಅವರ ಮೂಗು ಕಂಪನಿಯ ಆಸ್ತಿ. ನೀಲಗಿರಿ ಎಣ್ಣೆಯ ಡ್ರಮ್ಮಿನ ಬಿರಡೆ ತೆಗೆದು ಒಮ್ಮೆ ಮೂಸಿ, "ಇದು ಹೋದ ವರ್ಷದ್ದು," "ಇದರಾಗ ಭೇಸಳ ಅದ," ಎಂದು ಹೇಳಿಬಿಡುತ್ತಿದ್ದರು. ಭೇಸಳ ಎಂದರೆ ಕಲಬೆರಕೆ. ನಾನು ಗಾಜಿನ ಕೊಳವೆಗಳಲ್ಲಿ ಅರ್ಧ ದಿನ ಮಾಡುವ ಪರೀಕ್ಷೆಯನ್ನು ಅವರು ಬೀಡಿ ಹಚ್ಚುವಷ್ಟರಲ್ಲಿ ಮುಗಿಸುತ್ತಿದ್ದರು. ಅವರು ಬೀಡಿ ಸೇದುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮೂಗು ಕೆಡುತ್ತದೆಂದು.

ಎರಡು ಮೂಗಿನ ಕಾಯಿದೆ ಹುಟ್ಟಿದ್ದು ಒಂದು ನೆಗಡಿಯಿಂದ. ಕಾಕಾ ಊರಿಗೆ ಹೋಗಿದ್ದರು. ಸಾವಕಾರರು ನೆಗಡಿಯಲ್ಲೇ ಎಣ್ಣೆ ಮೂಸಿ ಕೊಂಡರು. ಆ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದ್ದರು. ಮುಲಾಮು ಗಂಜಿಗೆ ಹೋಯಿತು. ಮರುದಿನ ಹಮಾಲರೆಲ್ಲ ಶೆಡ್ಡಿನ ಮುಂದೆ. ನನ್ನ ಅಪ್ಪನೇ ಮುಂದೆ ನಿಂತು, "ಸಾವಕಾರ್ರ, ಇದನ್ನ ಭುಜಕ್ಕ ಹಚ್ಕೊಂಡು ಬೀಡಿ ಸೇದಿದ್ರ ನಾವು ದೀಪಾವಳಿ ಆಗ್ತೇವ್ರಿ!" ಎಂದರಂತೆ. ಅಂದಿನಿಂದ ಸಾವಕಾರರು ಒಂದು ಕಾಯಿದೆ ಮಾಡಿದರು. ಒಂದು ಮೂಗಿನ ಮಾತು ಗುಮಾನಿ, ಎರಡು ಮೂಗಿನ ಮಾತು ಸಾಕ್ಷಿ. ಯಾವ ಮಾಲಿಗೂ ಇಬ್ಬರು ಮೂಸಿ, ಇಬ್ಬರೂ ಒಂದೇ ಮಾತು ಹೇಳಬೇಕು. ಇದು ಕಂಪನಿಯ ಮೊದಲ ಗುಣಮಟ್ಟದ ನಿಯಮ. ಆಮೇಲೆ ದಪ್ಪ ದಪ್ಪ ಫೈಲುಗಳು ಬಂದವು, ಆದರೆ ಜನ ನಂಬಿದ್ದು ಇದನ್ನೇ.

ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಮೂಗಿನ ಪರೀಕ್ಷೆ. ನಾನು ಬಿ.ಎಸ್ಸಿ. ಮುಗಿಸಿ, ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡು ಹೋದೆ. ಸಾವಕಾರರು ಫೈಲು ಮುಟ್ಟಲೇ ಇಲ್ಲ. ಮೇಜಿನ ಮೇಲೆ ಮೂರು ಸೀಸೆ ಇಟ್ಟು ಕಣ್ಣು ಮುಚ್ಚಿಸಿದರು. ಮಾಣಿಕ ಕಾಕಾ ಒಂದೊಂದನ್ನೇ ಮೂಗಿನ ಕೆಳಗೆ ಹಿಡಿದರು. ಮೊದಲನೆಯದು ನೀಲಗಿರಿ ಎಂದೆ. ಎರಡನೆಯದರಲ್ಲಿ ಸೀಮೆಎಣ್ಣೆ ಇದೆ ಎಂದೆ. ಮೂರನೆಯದು... ಮೂಸಿದೆ. ಮತ್ತೆ ಮೂಸಿದೆ. ಕೆಲಸ ಹೋಯಿತೆಂದುಕೊಂಡು ಹೇಳಿದೆ, "ಇದರಾಗ ಏನೂ ಇಲ್ರಿ."

ಸಾವಕಾರರು ಮೇಜು ತಟ್ಟಿ ನಕ್ಕರು. ಅದು ಬರೀ ನೀರು. "ನೋಡೋ ಮಾಣಿಕ್ಯಾ, ಇಲ್ಲಿತನ ಬಂದ ಕಲತವರೆಲ್ಲ ಇದಕ್ಕ ಏನಾರ ಒಂದು ಹೆಸರು ಹೇಳಿ ಹೋದ್ರು. ಇಲ್ಲದ್ದಕ್ಕ ಇಲ್ಲ ಅನ್ಲಿಕ್ಕ ಧೈರ್ಯ ಬೇಕು. ಈ ಹುಡುಗಿ ನಾಳಿಂದ ಬರ್ಲಿ."

ಇಲ್ಲ ಎಂದದ್ದಕ್ಕೆ ಸಿಕ್ಕ ನೌಕರಿ ನನ್ನದು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವರು, "ಮತ್ತ ಹದಿನೈದು ವರ್ಷ ಸಾಲಿ ಯಾಕ ಕಲಸಿದ್ಯೋ ನಾ?" ಎಂದು ನಕ್ಕರು.

ಅಲ್ಲಿಂದ ಮುಂದಿನದನ್ನು ಸ್ಮರಣ ಸಂಚಿಕೆಗೆ ಚೆನ್ನಾಗಿಯೇ ಬರೆದೆ. ಸಣ್ಣ ಸಾವಕಾರರು ಫಾರ್ಮಸಿ ಓದಿ ಬಂದದ್ದು, ಕೈಯಿಂದ ತಿರುಗಿಸುವ ಮಾತ್ರೆಯ ಯಂತ್ರ ಬಂದದ್ದು, ಅದರ ಮೊದಲ ಮಾತ್ರೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಕಾಕಾ ಅವುಗಳಿಂದ ಕೇರಂ ಆಡಬಹುದು ಎಂದದ್ದು. ಆಮೇಲೆ ಊರ ಹೊರಗಿನ ಕೈಗಾರಿಕಾ ಪ್ರದೇಶದ ಕೆಂಪು ಮಣ್ಣಿನಲ್ಲಿ ಜಾಗ, ಮೂರು ಅಂತಸ್ತಿನ ಸ್ಟೀಲಿನ ಪಾತ್ರೆಗಳು, ಪೈಪುಗಳು, ಹೊಗೆಕೊಳವೆ. ಶೆಡ್ಡಿನ ಕಡಾಯಿಯನ್ನು ತಂದು ಆಫೀಸಿನ ಮುಂದೆ ಕಟ್ಟೆಯ ಮೇಲಿಟ್ಟದ್ದು. ಎಲ್ಲ ಬದಲಾದರೂ ಎರಡು ಮೂಗಿನ ಕಾಯಿದೆ ಬದಲಾಗಲಿಲ್ಲವೆಂದು ಹೆಮ್ಮೆಯಿಂದ ಬರೆದೆ. ಹೊಸ ಕಟ್ಟಡದಲ್ಲಿ ಆ ಎರಡು ಮೂಗು ಯಾರವೆಂದರೆ ಒಂದು ಮಾಣಿಕ ಕಾಕಾನದು, ಇನ್ನೊಂದು ನನ್ನದು.

ಕೊರೊನಾ ಬಂದಾಗ ಎರಡೂ ಮೂಗು ಒಟ್ಟಿಗೆ ಹೋಗಿದ್ದವು. ನನ್ನದು ಒಂದು ವಾರಕ್ಕೆ ಮರಳಿತು. ಕಾಕಾ ಮೂರು ವಾರ ಮಾತೇ ಆಡಲಿಲ್ಲವಂತೆ. ವಾಸನೆ ಮರಳಿದ ದಿನ ನನಗೆ ಫೋನು ಮಾಡಿ, "ಬೇಟಾ, ಸಗಣಿ ವಾಸನಿ ಬಂತು, ಸಗಣಿದು! ಏನ್ ಛಂದ ಅದ ಅಂತಿ!" ಎಂದು ಕೂಗಿದ್ದರು. ನಮ್ಮ ಫಿಟ್ಟರ್ ಇಸ್ಮಾಯಿಲ್ ಭಾಯಿಗೆ ಮಾತ್ರ ಹೋದ ಮೂಗು ಮರಳಲೇ ಇಲ್ಲ. ನಮ್ಮಲ್ಲಿ ಮೂಗಿಲ್ಲದವನೆಂದರೆ ಅಂಗವಿಕಲನಿದ್ದಂತೆ. ಅವರ ಬುತ್ತಿ ಬಿಚ್ಚಿದಾಗಲೆಲ್ಲ ಕಾಕಾ, "ಇಸ್ಮಾಯಿಲ್, ನಿನ್ನ ಪಲ್ಯ ಹಳಸ್ಯಾದ ನೋಡೋ," ಎಂದು ಸುಳ್ಳೇ ಹೆದರಿಸುತ್ತಿದ್ದರು. ಅವರು ನಗುತ್ತ ಉಣ್ಣುತ್ತಿದ್ದರು.

ಆದರೆ ಇಸ್ಮಾಯಿಲ್ ಭಾಯಿ ಸದ್ದಿಲ್ಲದೆ ಒಂದು ಕೆಲಸ ಮಾಡಿದ್ದರು. ಹೊರದೇಶದ ಗಿರಾಕಿಗಳು ತಪಾಸಣೆಗೆ ಬರುವಾಗ ತೋರಿಸಲೆಂದು ಕಂಪನಿ ಗಾಳಿಯಲ್ಲಿನ ವಿಷ ಅಳೆಯುವ ಸಣ್ಣ ಮೀಟರುಗಳನ್ನು ತಂದಿತ್ತು. ತಪಾಸಣೆ ಮುಗಿದರೆ ಅವು ಮತ್ತೆ ಕಪಾಟಿಗೆ. ಅದರಲ್ಲಿ ಒಂದನ್ನು ಅವರು ಬರೆದುಕೊಟ್ಟು ತೆಗೆದುಕೊಂಡು ದಿನಾ ಜೇಬಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. "ಏನದು, ಡಾಕ್ಟರ್ ಸಾಹೇಬ್ರು ಆದ್ರೇನು?" ಎಂದು ನಾನೂ ಚೇಷ್ಟೆ ಮಾಡಿದ್ದೇನೆ. "ನಿಮಗ ಅಲ್ಲಾ ಮೂಗು ಕೊಟ್ಟಾನ, ನನಗ ಕಂಪನಿ ಇದು ಕೊಟ್ಟದ," ಎಂದಿದ್ದರು.

ಇಲ್ಲಿಗೆ ಸ್ಮರಣ ಸಂಚಿಕೆಯ ನನ್ನ ಲೇಖನ ಮುಗಿದಿತ್ತು. ಇನ್ನು ಹೇಳುವುದು ಅದರಲ್ಲಿರಲಿಲ್ಲ.

ನಮ್ಮ ಒಂದು ಪುಡಿ ತಯಾರಿಸಿದ ಮೇಲೆ ಗಂಧಕ ಬೆರೆತ ನೀರು ಉಳಿಯುತ್ತದೆ. ಅದನ್ನು ಹಿಂದಿನ ಶೆಡ್ಡಿನಲ್ಲಿ, ನೆಲಕ್ಕಿಂತ ನಾಲ್ಕು ಮೆಟ್ಟಿಲು ಕೆಳಗಿರುವ ಟಾಕಿಯಲ್ಲಿ ಹಿಡಿದಿಡುತ್ತಾರೆ. ಆ ನೀರಿಗೆ ಆಮ್ಲ ತಗಲಬಾರದು. ತಗಲಿದರೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಏಳುತ್ತದೆ, ಅದು ವಿಷ. ಹಾಗೆ ಎದ್ದರೂ ಹೊರಗೆ ಎಳೆದುಕೊಳ್ಳಲು ಒಂದು ದೊಡ್ಡ ಫ್ಯಾನು ಇದೆ. ಸಂಚಿಕೆಯ ಮಾತು ಬರುವ ಕೆಲವು ತಿಂಗಳ ಮೊದಲಿನ ದಿನ ಅದು. ಅಂದು ಊಟದ ಹೊತ್ತಿನ ನಂತರ ಎರಡು ಸಂಗತಿ ಒಟ್ಟಿಗೆ ಆಗಿದ್ದವು. ಆಮ್ಲದ ಪಾತ್ರೆ ತೊಳೆದ ನೀರಿನ ಕೊಳಾಯಿ ಪೂರ್ತಿ ಮುಚ್ಚಿರಲಿಲ್ಲ, ಟಾಕಿಗೆ ಸೋರುತ್ತಿತ್ತು. ಫ್ಯಾನು ನಿಂತಿತ್ತು. ಫ್ಯಾನಿನ ವಿಷಯ ನಮಗೆ ತಿಳಿದದ್ದು ಆಮೇಲೆ.

ನಾನು ಆ ನೀರಿನ ಮಾದರಿ ತರಲು ಸೀಸೆ ಹಿಡಿದು ಹೋದೆ. ಶೆಡ್ಡಿನ ಬಾಗಿಲಲ್ಲಿ ಮಾಣಿಕ ಕಾಕಾ ನಿಂತಿದ್ದರು. ವಾಸನೆ ಮುಖಕ್ಕೆ ಹೊಡೆಯಿತು.

"ಮೊಟ್ಟಿ ಬಂತಲ್ಲ ಕಾಕಾ."

"ಹೂಂ. ಕೊಳಾಯಿ ಬಿಟ್ಟಾರ ಕಾಣ್ತದ, ಅಲ್ಲಿ ಸೋರ್ಲಿಕತ್ತದ ನೋಡು. ಥೋಡೆ ನಿಲ್ಲು, ಫ್ಯಾನಿನಾಗ ಗಾಳಿ ಹೋಗ್ಲಿ. ಹೋಗಿ ಬಂದ್ ಮಾಡಿ ಬರ್ತೇನಿ."

ನಾವು ಬಾಗಿಲಲ್ಲೇ ನಿಂತೆವು. ದೂರ ಹೋಗಿ ನಿಂತಿದ್ದರೆ ಸಾಕಿತ್ತು, ಆದರೆ ದೂರದಿಂದ ಮೂಸಲು ಬರುವುದಿಲ್ಲವಲ್ಲ. ಕಾಕಾ ತಮ್ಮ ಮೊಮ್ಮಗಳ ಜಾವಳದ ಕೂದಲು ತೆಗೆಸುವ ಬಗ್ಗೆ ಏನೋ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸಿ ಮೂಗು ಮೇಲೆತ್ತಿದರು.

"ಹೋಯ್ತು ನೋಡು. ಬೇಟಾ, ನಿನಗ ಬರ್ತದೇನು?"

ನಾನು ಉಸಿರು ಎಳೆದುಕೊಂಡೆ. ನಿಜವಾಗಿಯೂ ಏನೂ ಇರಲಿಲ್ಲ. ಮೂರನೆಯ ಸೀಸೆಯ ನೀರಿನ ಹಾಗೆ ಸ್ವಚ್ಛ. ಕಣ್ಣು ಮಾತ್ರ ಉರಿಯುತ್ತಿತ್ತು. ಆದರೆ ನಮ್ಮಲ್ಲಿ ಕಣ್ಣಿನ ಸಾಕ್ಷಿ ಯಾರೂ ಕೇಳಿದ್ದಿಲ್ಲ.

"ಇಲ್ಲ ಕಾಕಾ," ಎಂದೆ.

ಕಾಕಾ ಒಳಗೆ ಇಳಿದರು.

ಆ ಅನಿಲ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದು ತಿಳಿಯಬಾರದು, ಹೆಚ್ಚಾಗಿರಬಹುದು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದಿತ್ತು. ಬರೆದಿದ್ದೆ, ಎರಡೂ ಅಂಕ ಸಿಕ್ಕಿದ್ದವು. ಬಾಗಿಲಲ್ಲಿ ನಿಂತಾಗ ಆ ಉತ್ತರ ಉತ್ತರಪತ್ರಿಕೆಯಲ್ಲೇ ಉಳಿದಿತ್ತು.

ಕಾಕಾ ಮೂರನೆಯ ಮೆಟ್ಟಿಲಲ್ಲಿ ನಿಂತರು. ಚಪ್ಪಲಿಯ ಬಾರು ಸರಿಮಾಡಿಕೊಳ್ಳುವವರ ಹಾಗೆ ನಿಧಾನ ಬಗ್ಗಿ ಕೂತರು. ನಾನು "ಏನಾಯ್ತು ಕಾಕಾ?" ಎಂದು ಕೇಳಿದೆ. ಕೂತವರು ಹಾಗೇ ಪಕ್ಕಕ್ಕೆ ವಾಲಿ ಗೋಡೆಗೆ ತಲೆ ಹಚ್ಚಿದರು. ಕೊಳಾಯಿ ತಿರುಗಿಸಲು ಹಿಡಿದಿದ್ದ ಪಾನಾ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಿದ್ದ ಸದ್ದು ಕೇಳಿತು.

ನನ್ನ ಒಂದು ಕಾಲು ಹೊಸ್ತಿಲ ಒಳಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಕಿರುಚಾಟ. ಮೊದಲು ಮೀಟರಿನದು, ಅದರ ಹಿಂದೆ ಇಸ್ಮಾಯಿಲ್ ಭಾಯಿಯದು.

"ಮೇಡಂ! ಅಲ್ಲೇ ನಿಲ್ರಿ! ಒಳಗ ಕಾಲ್ ಇಡಬ್ಯಾಡ್ರಿ! ಹಿಂದ ಬರ್ರಿ, ಹಿಂದ!"

"ಕಾಕಾ ಬಿದ್ದಾರ್ರೀ..."

"ನೀವೂ ಬಿದ್ರ ಇಬ್ಬರನ್ನ ಯಾರು ಎತ್ತಬೇಕು? ನಡೀರಿ!"

ನನ್ನ ತೋಳು ಹಿಡಿದು ಬೇವಿನ ಮರದ ತನಕ ಎಳೆದು ಒಗೆದರು. ಅವರು ಓಡಿ ಸೈರನ್ ಒತ್ತಿದ್ದು, ಗಾಜಿನ ಪೆಟ್ಟಿಗೆ ಒಡೆದು ಉಸಿರಿನ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡದ್ದು, ಮುಖವಾಡದ ಪಟ್ಟಿ ಎಳೆದು ಸರಿಮಾಡಿಕೊಂಡದ್ದು ಎಲ್ಲವನ್ನೂ ನೋಡುತ್ತ ನಿಂತೆ. ಪಟ್ಟಿ ಸರಿಯಾಗಿ ಕೂರುವತನಕ ಅವರು ಒಳಗೆ ಹೋಗಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಈಗ ನೆನೆದರೆ ನಾಚಿಕೆಯಾಗುತ್ತದೆ. ಎಲ್ಲ ಸೇರಿ ಮೂರು ನಿಮಿಷವೆಂದು ಆಮೇಲೆ ಹೇಳಿದರು. ನನಗೆ ಅದು ಇನ್ನೂ ಮುಗಿದಂತಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಯಾರಾದರೂ "ಬರ್ತದೇನು?" ಎಂದು ಬೇರೆ ಯಾವುದಕ್ಕೋ ಕೇಳಿದಾಗ, ಮತ್ತೆ ಆ ಬಾಗಿಲಲ್ಲಿ ನಿಂತಿರುತ್ತೇನೆ. ಪ್ರತಿಸಲವೂ "ಇಲ್ಲ ಕಾಕಾ" ಎಂದೇ ಹೇಳುತ್ತೇನೆ.

ಕಾಕಾ ಬದುಕಿದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಎಚ್ಚರಾದ ಮೇಲೆ ಇಸ್ಮಾಯಿಲ್ ಭಾಯಿ ನೋಡಲು ಹೋದಾಗ ಅವರು ಕೇಳಿದ ಮೊದಲ ಮಾತು, "ನಿನ್ನ ಪಲ್ಯ ಖರೇನೇ ಹಳಸಿತ್ತೇನೋ?" ಇಬ್ಬರೂ ನಕ್ಕು, ಆಮೇಲೆ ಇಬ್ಬರೂ ಅತ್ತರಂತೆ. ನಾನು ಎರಡು ಸಲ ಹೋಗಿದ್ದೆ. ಎರಡು ಸಲವೂ ಕಾಕಾ ಮಲಗಿದ್ದರು. ಮಲಗಿರುವ ಹೊತ್ತು ನೋಡಿಯೇ ಹೋಗಿದ್ದೆನೆಂದು ಬೇರೆ ಹೇಳಬೇಕಿಲ್ಲ. ಡಿಸ್ಚಾರ್ಜ್ ಆಗಿ ಅವರು ಔರಾದಿಗೆ ಹೋದರು, ಕೆಲಸ ಬಿಟ್ಟರು. ಕಪಾಟಿನ ಮೀಟರುಗಳು ಎಲ್ಲರ ಜೇಬಿಗೂ ಬಂದವು. ನನ್ನ ಜೇಬಿಗೂ ಬಂತು.

ಲೇಖನವನ್ನು ಓದಿ ಸಣ್ಣ ಸಾವಕಾರರು, "ಭಾಳ ಛಂದ ಆಗ್ಯಾದ. ಎರಡು ಮೂಗಿಂದು ಹೆಡ್ಡಿಂಗ್ ಮಾಡಿ ದೊಡ್ಡ ಅಕ್ಷರದಾಗ ಹಾಕಮು," ಎಂದರು. ಆ ದಿನದ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಮಾಣಿಕಂದು ಒಂದು ಫೋಟೋ ಬೇಕಿತ್ತು," ಎಂದಷ್ಟೇ ಸೇರಿಸಿದರು.

ಫೋಟೋದ ನೆಪದಲ್ಲಿ ಹೋದ ಭಾನುವಾರ ಔರಾದಿನ ಬಸ್ಸು ಹತ್ತಿದೆ. ಕೆಂಪು ಮಣ್ಣು ಕಳೆದು ಕರಿಮಣ್ಣು ಶುರುವಾಗುವತನಕ ವಾಪಸು ಇಳಿದುಬಿಡಲೇ ಎಂದು ಯೋಚಿಸುತ್ತಿದ್ದೆ.

ಕಾಕಾ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ತೆಳ್ಳಗಾಗಿದ್ದರು. ಅವರ ಹೆಂಡತಿ ಕಾಶಮ್ಮ ಕಾಕಿ ನನ್ನ ಕೈ ಹಿಡಿದು ಕೂರಿಸಿ, ಹಾಲು ಒಲೆಯ ಮೇಲಿಟ್ಟು, "ಸಕ್ರಿ ಮುಗದದ, ಮೂಲಿ ಅಂಗಡಿಗಿ ಹೋಗಿ ಬಂದೆ," ಎಂದು ಹೊರಟರು. ಮನೆಯಲ್ಲಿ ನಾವಿಬ್ಬರೇ.

"ಏನ್ ಬರದಿ ಓದು," ಎಂದರು ಕಾಕಾ.

ಓದಿದೆ. ಕೇರಂ ಆಡಬಹುದಾದ ಮಾತ್ರೆಗೆ ನಕ್ಕರು. ನನ್ನ ಅಪ್ಪನ ದೀಪಾವಳಿಗೆ ಇನ್ನೂ ಜೋರಾಗಿ ನಕ್ಕು ಕೆಮ್ಮಿದರು. ಓದಿ ಮುಗಿಸಿದೆ. ಕಾಕಾ ಕಾಯುತ್ತಲೇ ಇದ್ದರು.

"ಅಂದಿಂದು ಎಲ್ಲದ?"

"ಅದು... ಬರದಿಲ್ಲ ಕಾಕಾ."

"ಯಾಕ? ನನ್ನ ಮೂಗು ಹೋದದ್ದು ಕಂಪನಿ ಇತಿಹಾಸ ಅಲ್ಲೇನು?" ನಾನು ಚೀಲದಲ್ಲಿ ತಂದಿದ್ದ ಮುಲಾಮಿನ ಡಬ್ಬಿ ಮಂಚದ ಮೇಲಿತ್ತು. ಅದನ್ನು ತೆಗೆದು ಮೂಗಿಗೆ ಹಿಡಿದು ಮತ್ತೆ ಕೆಳಗಿಟ್ಟರು. "ಏನೂ ಬರಂಗಿಲ್ಲ. ಕಲ್ಲು ಮೂಸದಂಗ. ಡಾಕ್ಟರ್ ನೋಡಮು ಅಂತಾರ. ನಾ ನೋಡೋದು ಬಿಟ್ಟೇನಿ."

ಬಸ್ಸಿನಲ್ಲಿ ಹತ್ತು ರೀತಿ ಜೋಡಿಸಿಕೊಂಡಿದ್ದ ಮಾತು ಒಂದೇ ರೀತಿಯಲ್ಲಿ ಹೊರಬಂತು.

"ನೀವು ಕೇಳಿದ್ರಿ. ನಾ ಇಲ್ಲ ಅಂದೆ ಕಾಕಾ."

ಕಾಕಾ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ನಿನ್ನದೇನೂ ತಪ್ಪಿಲ್ಲ ಬೇಟಾ ಎನ್ನುತ್ತಾರೆಂದು ಕಾದಿದ್ದೆ. ಅದು ಸಿಗಲೆಂದೇ ಬಂದಿದ್ದೆನೋ ಏನೋ.

"ಖರೆ ಹೇಳ್ಲೇನು? ನೀ 'ಬರ್ತದ' ಅಂದಿದ್ರ ನಾ ಹೋಗ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ.

"ಆದ್ರ ನಿನಗ ಹ್ಯಾಂಗ ಬರಬೇಕು? ನಿನ್ನ ಮೂಗೂ ಅಲ್ಲೇ ಇತ್ತಲ್ಲ, ನನ್ನ ಮೂಗಿನ ಬಾಜೂಕ. ಸಾವಕಾರ್ರು ಎರಡು ಮೂಗು ಅಂದ್ರು. ಎರಡೂ ಒಂದೇ ಬಾಗಿಲಾಗ ನಿಂತ್ರ ಏನ್ ಮಾಡ್ಬೇಕಂತ ಹೇಳಲಿಲ್ಲ. ಪಾಪ, ಅವರಿಗಿ ಮುಲಾಮ ಅಷ್ಟೇ ಗೊತ್ತಿತ್ತು." ಕಾಕಾ ಕಾಗದದ ಕಡೆ ಕೈ ಮಾಡಿದರು. "ಇದನ್ನೂ ಬರಿ. ನೀ ಇಲ್ಲ ಅಂದದ್ದೂ ಬರಿ. ನಾಳಿ ಯಾರಾರ ಹೊಸಬರು ಓದಿ, ಎರಡು ಮೂಗು ಅಂತ ಹೋಗಿ ಬಾಗಿಲಾಗ ನಿಂದರಬಾರದು."

"ಸಣ್ಣ ಸಾವಕಾರ್ರು ಹಾಕ್ತಾರೋ ಇಲ್ಲೋ."

"ಮಾಣಿಕ್ಯಾ ಹೇಳ್ಯಾನ ಅನ್ನು. ಹಾಕದಿದ್ರ ನನ್ನ ಫೋಟೋನೂ ಬ್ಯಾಡ ಅನ್ನು."

ಪೆನ್ನು ತೆಗೆದು ಹಾಳೆಯ ಬೆನ್ನಿನ ಮೇಲೆ ಅಲ್ಲಿಯೇ ಬರೆಯಲು ಶುರುಮಾಡಿದೆ. "ಅಂದು ಊಟದ ನಂತರ" ಎಂದು ಮೊದಲ ಸಾಲು. ಕಾಕಾ ನೋಡುತ್ತ ಕೂತಿದ್ದರು. ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು. ಇದ್ದಕ್ಕಿದ್ದಂತೆ ಅವರು ಅಭ್ಯಾಸದ ಮೇಲೆ ಮೂಗು ಮೇಲೆತ್ತಿ, ಅದು ಇಲ್ಲವೆಂದು ನೆನಪಾಗಿ, ಅಡಿಗೆಮನೆಯ ಕಡೆ ಮುಖ ತಿರುಗಿಸಿದರು.

"ಕಾಶಿ ಹಾಲು ಇಟ್ಟು ಹೋಗ್ಯಾಳ. ಬೇಟಾ, ಹೊತ್ತಿದ ವಾಸನಿ ಏನಾರ ಬರ್ತದೇನು?"

ಉಸಿರು ಎಳೆದುಕೊಂಡೆ. ಏನೂ ಇರಲಿಲ್ಲ. ಬೆಳಿಗ್ಗೆಯೇ ಡಬ್ಬಿ ಮೂಸಿದ್ದೆ, ಮೂರೂ ಬಂದಿದ್ದವು. 'ಇಲ್ಲ ಕಾಕಾ' ನಾಲಿಗೆಯ ತುದಿಗೆ ಬಂದಿತ್ತು.

"ತಡೀರಿ ಕಾಕಾ," ಎಂದು ಹಾಳೆ ಕೆಳಗಿಟ್ಟು ಎದ್ದೆ. "ನೋಡಿ ಬಂದು ಹೇಳ್ತೇನಿ."